ಸಿಲಿಂಡರ್ ಮೇಲೆ 1967 ಅಂತಿದೆ, ಲೀಕ್ ಆದ್ರೆ ಮೊದಲ ಹತ್ತು ನಿಮಿಷ ಏನ್ಮಾಡ್ಬೇಕು?

ಗೋಡೌನ್_ಸೇಫ್ಟಿ:

ಎಲ್ರಿಗೂ ನಮಸ್ಕಾರ. ನಾನು ಒಂದು ಗೋಡೌನಲ್ಲಿ ಸೇಫ್ಟಿ ನೋಡ್ಕೊಳ್ತೀನಿ, ನೋಡ್ಕೊಳ್ತೀನಿ ಅಂದ್ರೆ ಮೂರು ತಿಂಗಳ ಹಿಂದೆ ಸ್ಟೋರ್ಸ್‌ನಿಂದ ಎತ್ತಿ ಈ ಕುರ್ಚೀಲಿ ಕೂರಿಸಿದ್ರು ಅಷ್ಟೆ, ಟ್ರೈನಿಂಗ್ ಅಂತ ಎರಡು ದಿನ ಬೆಂಕಿ ಆರಿಸೋದು ಹೇಳ್ಕೊಟ್ರು. ಹೋದ ವಾರ ಲೋಡ್ ಇಳಿಸ್ವಾಗ ಕೀಟನಾಶಕದ ಸಿಲಿಂಡರ್ ಒಂದು ಕೈಜಾರಿ ಬಿತ್ತು. ವಾಲ್ವ್ ಹತ್ರ ಸುಯ್ಯ್ ಅಂತ ಶಬ್ದ, ಬಿಳೀ ಮಂಜಿನ ಥರ ಹೊರಗೆ ಬರ್ತಾ ಇತ್ತು. ಇಬ್ಬರು ಹುಡುಗ್ರು ಓಡಿಹೋಗಿ ವಾಲ್ವ್ ತಿರುಗಿಸಿ ನಿಲ್ಲಿಸಿದ್ರು. ಎಲ್ರೂ ಚಪ್ಪಾಳೆ ಹೊಡೆದ್ರು ನಾನೂ ಹೊಡೆದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಒಬ್ಬನಿಗೆ ತಲೆನೋವು, ಒಂದೆರಡು ಸಲ ವಾಂತಿ. ಕಣ್ಣು ಮಬ್ಬಾಗಿದೆ ಅಂತ ಎರಡು ದಿನ ಹೇಳ್ತಿದ್ದ, ಈಗ ಕೆಲಸಕ್ಕೆ ಬರ್ತಿದ್ದಾನೆ.

ನಮ್ಮ ಸೂಪರ್‌ವೈಸರ್ ಪ್ರಕಾರ ವಾಸನೆ ಇರ್ಲಿಲ್ಲ ಅಂದ್ಮೇಲೆ ಏನೂ ಆಗಿಲ್ಲ, ಮುಂದಿನ ಸಲ ಹೋಸ್‌ಪೈಪ್ ತಗೊಂಡು ನೀರು ಹೊಡೀರಿ, ಗ್ಯಾಸ್ ಕರಗಿಹೋಗುತ್ತೆ ಅಂತ. ನನಗೆ ಸಮಾಧಾನ ಆಗ್ಲಿಲ್ಲ. ಸಿಲಿಂಡರ್ ಮೇಲೆ ಬಿಳೀ ಡೈಮಂಡ್ ಸ್ಟಿಕ್ಕರ್, ಅದ್ರಲ್ಲಿ ತಲೆಬುರುಡೆ, ಕೆಳಗೆ 2 ಅಂತ, ಪಕ್ಕದಲ್ಲಿ ಯುಎನ್ 1967. ಇಂಥದ್ದು ಮತ್ತೆ ಲೀಕ್ ಆದ್ರೆ ಫೈರ್‌ನವರು ಬರೋವರೆಗೆ ನಮ್ಮಂಥೋರು ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು? ಗೊತ್ತಿರೋರು ದಯವಿಟ್ಟು ಹೇಳಿ, ಲಿಂಕ್ ಬೇಡ, ಅರ್ಥ ಆಗೋ ಹಾಗೆ ಹೇಳಿ ಸಾಕು.

ಹಳೇಹೋಸ್‌ಪೈಪ್:

ತಮ್ಮಾ, ಮೊದಲು ಆ ಚಪ್ಪಾಳೆ ವಾಪಸ್ ತಗೋ. ಆ ಹುಡುಗ್ರ ಧೈರ್ಯ ದೊಡ್ಡದು, ಆದ್ರೆ ಅವರು ಉಳಿದಿದ್ದು ಅದೃಷ್ಟದಿಂದ. ನಾನು ಅಗ್ನಿಶಾಮಕದಲ್ಲಿ ಇದ್ದು ರಿಟೈರ್ ಆದೋನು. ವಿಷದ ಗ್ಯಾಸ್ ಕೇಸಲ್ಲಿ ಮೊದಲನೇ ಬಾಡಿ ಬಿದ್ದೋನ್ದು, ಎರಡನೇದು ಅವನನ್ನ ಎಳೆಯೋಕೆ ಹೋದೋನ್ದು ಅಂತ ನಾವು ಮಾತಾಡ್ಕೊಳ್ತಿದ್ವಿ, ಅದು ತಮಾಷೆ ಮಾತಲ್ಲ.

ಈಗ ನಂಬರ್ ವಿಷಯ. 1967 ಅಂದ್ರೆ ವಿಷಕಾರಿ ಕೀಟನಾಶಕ ಗ್ಯಾಸ್, ಬೇರೆ ಕಡೆ ಪ್ರತ್ಯೇಕ ಹೆಸರು ಕೊಡದೇ ಇರೋದೆಲ್ಲಾ ಈ ಡಬ್ಬಿಗೆ ಬೀಳುತ್ತೆ. ಪ್ಯಾರಾಥಿಯಾನ್ ಅನ್ನೋ ವಿಷಾನ ಒತ್ತಡದ ಗ್ಯಾಸ್ ಜೊತೆ ಬೆರೆಸಿದ್ದಕ್ಕೂ ಇದೇ ನಂಬರ್. ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ ಮಾಡಿರೋ ಒಂದು ಕಿತ್ತಳೆ ಬಣ್ಣದ ತುರ್ತು ಕೈಪಿಡಿ ಇದೆ, ನಾಲ್ಕು ವರ್ಷಕ್ಕೊಮ್ಮೆ ಹೊಸದು ಬರುತ್ತೆ, 2024ರಲ್ಲಿ ಬಂದಿದೆ. ಅದ್ರ ಹಳದಿ ಪುಟದಲ್ಲಿ ನಂಬರ್ ಹುಡುಕಿದ್ರೆ 1967ಕ್ಕೆ ಗೈಡ್ 123 ಅಂತ ಬರುತ್ತೆ, ಗೈಡ್ ಅಂದ್ರೆ ಏನ್ ಮಾಡ್ಬೇಕು ಅಂತ ಹೇಳೋ ಸೂಚನೆ, ಅವಿರೋದು ಕಿತ್ತಳೆ ಪುಟದಲ್ಲಿ. ಹಳದಿ ಪುಟದಲ್ಲಿ ಆ ಸಾಲಿಗೆ ಹಸಿರು ಬಣ್ಣ ಹಚ್ಚಿದ್ರೆ ಉಸಿರಲ್ಲಿ ಹೋಗಿ ಕೊಲ್ಲೋ ಮಾಲು ಅಂತ, ಬೆಂಕಿ ಇಲ್ದೇ ಇದ್ರೆ ಸೀದಾ ಹಸಿರು ಪುಟಕ್ಕೆ ಹೋಗಿ ಎಷ್ಟು ದೂರ ಜನರನ್ನ ಸರಿಸ್ಬೇಕು ನೋಡ್ಬೇಕು.

ಒಂದು ಮಾತು, ನಂಬರ್ ಓದುವಾಗ ಕಣ್ಣು ಬಿಟ್ಕೊಂಡು ಓದು. 1968 ಅಂದ್ರೂ ಕೀಟನಾಶಕ ಗ್ಯಾಸೇ, ಆದ್ರೆ ವಿಷದ ಗುಂಪಿಗೆ ಸೇರದೇ ಇರೋದು, ಗೈಡ್ 126. 3355 ಅಂದ್ರೆ ವಿಷಾನೂ ಹೌದು ಬೆಂಕೀನೂ ಹತ್ತುತ್ತೆ, ಅದು 119. ಫೋನಲ್ಲಿ ಕಿರುಚಾಡ್ತಾ ಒಂದು ಅಂಕಿ ತಪ್ಪಿ ಹೇಳಿದ್ರೆ ಬರೋ ಗಾಡಿ ಬೇರೆ ಲೆಕ್ಕಾಚಾರದಲ್ಲೇ ಬರುತ್ತೆ. ಒಂದೊಂದೇ ಅಂಕಿ ಬಿಡಿಸಿ ಹೇಳು, ಅವರ ಬಾಯಲ್ಲಿ ತಿರುಗಿ ಹೇಳಿಸು. ನಂಬರ್ ನೋಡ್ಬೇಕು ಅಂತ ಹತ್ರ ಹೋಗ್ಬೇಡ ಮತ್ತೆ. ದೂರದಿಂದ ಮೊಬೈಲ್ ಜೂಮ್ ಮಾಡು, ಇಲ್ಲಾ ಡ್ರೈವರ್ ಹತ್ರ ಪೇಪರ್ ಇರುತ್ತೆ ಅದನ್ನ ಇಸ್ಕೋ.

ಹತ್ತು ನಿಮಿಷದ್ದು ಕೇಳಿದ್ಯಲ್ಲ. ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡು, ಗಾಳಿ ಬರೋ ದಿಕ್ಕಿಗೆ ಹೋಗು, ಎತ್ತರದ ಜಾಗಕ್ಕೆ ಹೋಗು. ಆ ದಿಕ್ಕಲ್ಲೇ ಸಿಲಿಂಡರ್ ಇದ್ರೆ ಗಾಳಿಗೆ ಅಡ್ಡವಾಗಿ ಪಕ್ಕಕ್ಕೆ ಸರಿದು ಆಮೇಲೆ ಸುತ್ತಿ ಹೋಗು, ಗಾಳಿ ಜೊತೆ ಜೊತೆಗೇ ಓಡಿದ್ರೆ ಮೋಡಾನೂ ನಿನ್ನ ಜೊತೇನೇ ಓಡಿಬರುತ್ತೆ. ಸುತ್ತ ಕನಿಷ್ಠ 100 ಮೀಟರ್ ಯಾರೂ ಇರ್ಬಾರ್ದು, ಇದು ಬರೀ ಶುರು. ಟ್ಯಾಂಕರ್‌ಗೆ ಬೆಂಕಿ ಬಿದ್ದಿದ್ರೆ ಅದೇ ಗೈಡಲ್ಲಿ 1600 ಮೀಟರ್ ಅಂತಿದೆ. ಈ ಗ್ಯಾಸ್‌ಗಳು ಹೆಚ್ಚಿನವು ಗಾಳಿಗಿಂತ ಭಾರ, ನೆಲ ಹಿಡ್ಕೊಂಡು ಹರೀತವೆ, ಚರಂಡಿ, ಬೇಸ್‌ಮೆಂಟ್, ಲೋಡಿಂಗ್ ಗುಂಡಿ ಇಂಥ ಕಡೆ ಹೋಗಿ ಕೂತ್ಕೊಳ್ತವೆ. ರಾತ್ರಿ ಆದ್ರೆ ಇನ್ನೂ ಹೆಚ್ಚು ದೂರ ಲೆಕ್ಕ ಹಾಕ್ಬೇಕು, ಬಿಸಿಲಿಲ್ದೇ ಗಾಳಿ ಮೇಲೆ ಕೆಳಗೆ ಕಲಸಲ್ಲ, ಗ್ಯಾಸ್ ಚದುರೋದೇ ಇಲ್ಲ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ್ದೂ ರಾತ್ರೀನೇ, ಅದೂ ಕೀಟನಾಶಕ ಮಾಡೋಕೆ ಇಟ್ಕೊಂಡಿದ್ದ ಮೀಥೈಲ್ ಐಸೋಸಯನೇಟ್, ಜನ ಮಲಗಿದ್ದಲ್ಲಿಗೇ ಬಂತು.

ಇನ್ನು ನಿಮ್ಮ ಸೂಪರ್‌ವೈಸರ್ ನೀರಿನ ಐಡಿಯಾ. ಸೋರ್ತಿರೋ ಜಾಗಕ್ಕೆ, ವಾಲ್ವ್‌ಗೆ ನೇರ ನೀರು ಹೊಡೀಬಾರ್ದು. ಒಳಗಿರೋದು ಒತ್ತಡಕ್ಕೆ ದ್ರವ ಆಗಿರೋ ಗ್ಯಾಸ್ ಆಗಿದ್ರೆ ಅದಕ್ಕೆ ನಿಮ್ಮ ನೀರೇ ಬಿಸಿನೀರು ಇದ್ದಂಗೆ, ಇನ್ನೂ ಜೋರಾಗಿ ಕುದ್ದು ಮೇಲೇಳುತ್ತೆ, ಇಲ್ಲಾ ಸೇಫ್ಟಿ ವಾಲ್ವ್ ಮೇಲೆ ಮಂಜುಗಡ್ಡೆ ಕಟ್ಟುತ್ತೆ. ನಾವು ನೀರು ಬಳಸ್ತೀವಿ, ಇಲ್ಲ ಅಂತಲ್ಲ, ಆದ್ರೆ ತುಂತುರು ಮಾಡಿ, ದೂರದಿಂದ, ಹರಡ್ತಿರೋ ಮೋಡಾನ ತಡೆಯೋಕೆ ಇಲ್ಲಾ ದಿಕ್ಕು ತಿರುಗಿಸೋಕೆ. ಆ ನೀರು ಹರಿದು ಎಲ್ಲಿಗೆ ಹೋಗುತ್ತೆ ಅಂತ್ಲೂ ನೋಡ್ಬೇಕು, ಅದ್ರಲ್ಲೂ ವಿಷ ಇರುತ್ತೆ. ಸಿಲಿಂಡರ್‌ನ ತಿರುಗಿಸಿ ದ್ರವದ ಬದಲು ಗ್ಯಾಸ್ ಮಾತ್ರ ಹೊರಗೆ ಬರೋ ಹಾಗೆ ಇಡೋದು ಒಂದು ಉಪಾಯ, ಅದನ್ನೂ ಬೆನ್ನಿಗೆ ಸ್ವಂತ ಗಾಳಿ ಸಿಲಿಂಡರ್ ಕಟ್ಕೊಂಡು ಪೂರ್ತಿ ಸೂಟ್ ಹಾಕಿರೋರು ಮಾಡ್ಬೇಕು, ನಿಮ್ಮ ಹುಡುಗ್ರಲ್ಲ.

ಸುಮ್ನೆ_ಓದೋನು:

ಒದ್ದೆ ಬಟ್ಟೆ ಮುಖಕ್ಕೆ ಕಟ್ಕೊಂಡು ಹೋಗಿ ವಾಲ್ವ್ ಮುಚ್ಚಿದ್ರೆ ಆಗಲ್ವಾ ಅಣ್ಣ? ಎರಡು ಸೆಕೆಂಡ್ ಕೆಲಸ ಅಲ್ವಾ, 100 ಮೀಟರ್ ಓಡೋದಕ್ಕಿಂತ ಅದೇ ವಾಸಿ ಅನ್ಸುತ್ತೆ. ಬೈಬೇಡಿ, ಗೊತ್ತಿಲ್ದೆ ಕೇಳ್ತಿದೀನಿ.

ಹಳೇಹೋಸ್‌ಪೈಪ್:

ಬೈಯಲ್ಲ ಮಾರಾಯ, ಎಲ್ರೂ ಇದನ್ನೇ ಕೇಳೋದು. ಬಟ್ಟೆ, ಧೂಳಿನ ಮಾಸ್ಕ್ ಇವೆಲ್ಲ ಗ್ಯಾಸ್ ತಡೆಯಲ್ಲ. ಡಬ್ಬಿ ಫಿಲ್ಟರ್ ಮಾಸ್ಕೂ ಯಾವ ಗ್ಯಾಸ್, ಎಷ್ಟು ಪ್ರಮಾಣ ಅಂತ ಗೊತ್ತಿದ್ರೆ ಮಾತ್ರ, ಆಮ್ಲಜನಕ ಕಮ್ಮಿ ಇರೋ ಕಡೆ ಅದು ದಂಡ. ಎರಡು ಸೆಕೆಂಡ್ ಅಂತೀಯ, ವಾಲ್ವ್ ಬಿದ್ದ ಏಟಿಗೆ ಬಾಗಿರುತ್ತೆ, ತಿರುಗಲ್ಲ, ಮನುಷ್ಯ ಇನ್ನೊಂಚೂರು ಇನ್ನೊಂಚೂರು ಅಂತ ಅಲ್ಲೇ ಬಗ್ಗಿ ನಿಂತಿರ್ತಾನೆ. ಎರಡು ಸೆಕೆಂಡಿನ ಕೆಲಸ ನಾನು ಇಡೀ ಸರ್ವಿಸಲ್ಲಿ ನೋಡ್ಲಿಲ್ಲ.

ಹೊಗೆಮದ್ದು:

ಫ್ಯೂಮಿಗೇಶನ್ ಅಂದ್ರೆ ವಿಷದ ಗ್ಯಾಸ್ ಬಿಟ್ಟು ಹುಳ ಕೊಲ್ಲೋ ಕೆಲಸ ಮಾಡೋನು ನಾನು, ಧಾನ್ಯದ ಸ್ಟ್ಯಾಕ್, ಕಂಟೇನರ್ ಇಂಥವು. ಮೇಲೆ ಸಾರ್ ಹೇಳಿದ್ದೆಲ್ಲಾ ಸರಿ, ನಿಮ್ಮ ಸೂಪರ್‌ವೈಸರ್ ಹೇಳಿದ ಆ ವಾಸನೆ ಮಾತಿಗೆ ಮಾತ್ರ ನಾನು ಸ್ವಲ್ಪ ಸೇರಿಸ್ತೀನಿ ಯಾಕಂದ್ರೆ ನಮ್ಮ ಲೈನಲ್ಲಿ ಜನ ಸಾಯೋದೇ ಈ ವಾಸನೆ ನಂಬ್ಕೊಂಡು.

ಮೀಥೈಲ್ ಬ್ರೋಮೈಡ್ ಅನ್ನೋ ಫ್ಯೂಮಿಗೇಶನ್ ಗ್ಯಾಸ್ ಇದೆಯಲ್ಲ, ಅದಕ್ಕೆ ಕಮ್ಮಿ ಪ್ರಮಾಣದಲ್ಲಿ ವಾಸನೇನೇ ಇಲ್ಲ, ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಅದಕ್ಕೇ ಎಚ್ಚರಿಕೆಗೆ ಅಂತ ಕೆಲವುದ್ರಲ್ಲಿ ಕ್ಲೋರೋಪಿಕ್ರಿನ್ ಬೆರೆಸ್ತಾರೆ, ಅದು ಕಣ್ಣಲ್ಲಿ ಧಾರಾಕಾರ ನೀರು ಬರಿಸುತ್ತೆ, ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಅದನ್ನೇ. ಈ ಮಿಶ್ರಣಕ್ಕೆ ನಂಬರ್ 1581, ಅದಕ್ಕೂ ಗೈಡ್ 123. ಆದ್ರೆ ಕಣ್ಣುರಿ ನಿಂತ್ರೆ ಗಾಳಿ ಶುದ್ಧ ಆಯ್ತು ಅಂತ ಅಲ್ಲ, ಕ್ಲೋರೋಪಿಕ್ರಿನ್‌ನ ಚೀಲ, ಸರಕು ಇವು ಹೀರ್ಕೊಂಡು ಅದು ಮೊದಲೇ ಕಮ್ಮಿ ಆಗ್ಬೋದು, ಮೀಥೈಲ್ ಬ್ರೋಮೈಡ್ ಸುಮ್ನೆ ಅಲ್ಲೇ ಕೂತಿರುತ್ತೆ. 2015ರಲ್ಲಿ ಅಮೆರಿಕದ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ರಜೆಗೆ ಹೋಗಿದ್ದ ಒಂದು ಕುಟುಂಬಾನೇ ಇದಕ್ಕೆ ಸಿಕ್ಕಿ ನರ ಹಾಳಾಯ್ತು, ಅವರಿದ್ದ ಬಿಲ್ಡಿಂಗಿನ ಬೇರೆ ಮನೆಗೆ ಹೊಡೆದಿದ್ದು, ಮನೆಗಳಿಗೆ ಹೊಡೀಲೇಬಾರದ ಮದ್ದು.

ಇನ್ನೊಂದು ವಿಚಿತ್ರ ಹೇಳ್ತೀನಿ, ಹೊಸಬರಿಗೆ ನಂಬಿಕೇನೇ ಬರಲ್ಲ. ಮೀಥೈಲ್ ಬ್ರೋಮೈಡ್ ಕೆಲಸಕ್ಕೆ ರಬ್ಬರ್ ಗ್ಲೌಸ್, ರಬ್ಬರ್ ಬೂಟ್, ಬಿಗಿ ಬಟ್ಟೆ, ಉಂಗುರ ಯಾವುದೂ ಬೇಡ ಅಂತ ಲೇಬಲಲ್ಲೇ ಇರುತ್ತೆ. ಗ್ಯಾಸ್ ಅದ್ರೊಳಗೆ ನುಗ್ಗಿ ಚರ್ಮಕ್ಕೆ ಒತ್ಕೊಂಡು ಸಿಕ್ಕಾಕ್ಕೊಳ್ಳುತ್ತೆ, ಗಂಟೆಗಟ್ಲೆ ಆಮೇಲೆ ಬೊಬ್ಬೆ ಏಳುತ್ತೆ. ಆದ್ರೆ ಇದನ್ನ ಓದಿ ಆರ್ಗನೋಫಾಸ್ಫೇಟ್, ಅಂದ್ರೆ ಪ್ಯಾರಾಥಿಯಾನ್ ಥರ ನರಕ್ಕೆ ಹೊಡೆಯೋ ಕೀಟನಾಶಕ, ಅದ್ರ ಮಿಶ್ರಣಕ್ಕೂ ಬರೀಕೈಲಿ ಹೋದ್ರೆ ಮುಗೀತು ಕಥೆ, ಅದು ಚರ್ಮದ ಮೂಲಕಾನೇ ಒಳಗೆ ಹೋಗೋದು. ಅಂದ್ರೆ ಒಂದಕ್ಕೆ ಸರಿ ಇದ್ದಿದ್ದು ಇನ್ನೊಂದಕ್ಕೆ ಉಲ್ಟಾ, ಒಳಗೇನಿದೆ ಗೊತ್ತಿಲ್ದೆ ಸಿಲಿಂಡರ್ ಮುಟ್ಟೋ ಹಾಗೇ ಇಲ್ಲ.

ನೀರಿನ ಮಾತಿಗೂ ಒಂದು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ನಿಮ್ಮ ಗೋಡೌನಿಗೂ ಬರುತ್ತೆ ಅನ್ಕೋತೀನಿ, ಅದಕ್ಕೆ ನೀರು ಬಿದ್ರೆ ಫಾಸ್ಫೀನ್ ಗ್ಯಾಸ್ ಬಿಡುಗಡೆ ಆಗುತ್ತೆ, ಹೆಚ್ಚು ಸೇರ್ಕೊಂಡ್ರೆ ತಾನೇ ಹತ್ಕೊಳ್ಳುತ್ತೆ. 2017ರ ಜನವರಿಯಲ್ಲಿ ಟೆಕ್ಸಾಸ್‌ನ ಅಮರಿಲ್ಲೋ ಊರಲ್ಲಿ ಒಬ್ಬ ಮನೆ ಕೆಳಗೆ ಇಲಿಗೋ ಹುಳಕ್ಕೋ ಹಾಕಿದ್ದ ಗುಳಿಗೆ ವಾಸನೆ ಬರ್ತಿದೆ ಅಂತ ನೀರು ಬಿಟ್ಟು ತೊಳೆಯೋಕೆ ನೋಡಿದ, ನಾಲ್ಕು ಮಕ್ಕಳು ಹೋಗ್ಬಿಟ್ವು. ಫಾಸ್ಫೀನ್‌ಗೆ ಕೆಲಸದ ಜಾಗದ ಮಿತಿ 0.3 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.3 ಭಾಗ, 50 ಪಿಪಿಎಂ ಇದ್ರೆ ಕೂಡ್ಲೇ ಜೀವಕ್ಕೆ ಅಪಾಯ ಅಂತ ಲೆಕ್ಕ. ಬೆಳ್ಳುಳ್ಳಿ ಥರ, ಕೊಳೆತ ಮೀನಿನ ಥರ ವಾಸನೆ ಅಂತಾರೆ, ಬಂದ್ರೆ ಬಂತು, ಬರ್ಲಿಲ್ಲ ಅಂದ್ರೆ ಅದನ್ನ ನಂಬೋಕಾಗಲ್ಲ.

ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ನಾಲ್ಕು ಗ್ಯಾಸಿನ ಮೀಟರ್ ಇದ್ರೆ ಅದ್ರಲ್ಲಿ ಸೊನ್ನೆ ಬಂತು ಅಂತ ಒಳಗೆ ನುಗ್ಬೇಡಿ. ಅದು ಹುಡುಕೋದು ಆಮ್ಲಜನಕ, ಉರಿಯೋ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮಾತ್ರ. ಹುಡುಕದೇ ಇರೋದು ಅದಕ್ಕೆ ಹೇಗೆ ಕಾಣ್ಸುತ್ತೆ.

ನೈಟ್‌ಡ್ಯೂಟಿ:

ನಾನು ಎಮರ್ಜೆನ್ಸಿ ವಾರ್ಡಿನ ಡಾಕ್ಟರ್. ಗೋಡೌನ್_ಸೇಫ್ಟಿ ಅವರೇ, ನೀವು ಬರೆದಿದ್ರಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಕಡೆ. ಎರಡು ದಿನ ಕಣ್ಣು ಮಬ್ಬು ಅಂದ್ರಿ. ಬಿಳೀ ಮಂಜಿನ ಥರ ಬಂತು ಅಂದ್ರಿ. ಅವನಿಗೆ ಬೆವರು, ಬಾಯಲ್ಲಿ ಜೊಲ್ಲು, ಎದೆ ಬಿಗಿತ, ಹೊಟ್ಟೆ ನುಲಿತ ಇತ್ತಾ? ಲೈಟೆಲ್ಲಾ ಡಿಮ್ ಆದಂಗೆ ಕಾಣ್ಸುತ್ತೆ ಅಂತ ಏನಾದ್ರೂ ಹೇಳಿದ್ನಾ? ಆನ್‌ಲೈನಲ್ಲಿ ರೋಗ ಹೇಳೋಕಾಗಲ್ಲ, ಆದ್ರೆ ಆರ್ಗನೋಫಾಸ್ಫೇಟ್ ವಿಷ ತಗುಲಿದ್ರೆ ಕಣ್ಣಿನ ಪಾಪೆ ಸೂಜಿಮೊನೆ ಅಷ್ಟಾಗುತ್ತೆ, ಅದಕ್ಕೇ ಕತ್ತಲೆ ಕವಿದಂಗೆ ಕಾಣೋದು. ಮೊದಲು ಪೇಪರ್ ಹುಡುಕಿ. ಇಂಥ ಬೇರೆಡೆ ಹೆಸರಿಸದ ಮಾಲಿಗೆ ಸಾಗಣೆ ಪತ್ರದಲ್ಲಿ ಅಸಲಿ ರಾಸಾಯನಿಕದ ಹೆಸರು ಬರೀಲೇಬೇಕು.

ಉಳಿದವರಿಗೂ ಹೇಳ್ತೀನಿ, ಕೀಟನಾಶಕ ಅಂದ ಕೂಡ್ಲೇ ಎಲ್ಲದಕ್ಕೂ ಅಟ್ರೋಪಿನ್ ಅನ್ನೋ ಪ್ರತಿವಿಷಾನೇ ಮದ್ದು ಅನ್ಕೊಂಡಿರ್ತಾರೆ. ಆರ್ಗನೋಫಾಸ್ಫೇಟ್‌ಗೆ ಹೌದು, ಅಟ್ರೋಪಿನ್ ಶ್ವಾಸಕೋಶದಲ್ಲಿ ತುಂಬ್ಕೊಂಡಿರೋ ಲೋಳೆ ಒಣಗೋವರೆಗೂ ಕೊಡ್ತಾ ಹೋಗ್ತೀವಿ, ಸ್ನಾಯು ಸೋತಿರೋದಕ್ಕೆ ಅದು ಕೆಲಸ ಮಾಡಲ್ಲ, ಅದಕ್ಕೆ ಪ್ರಾಲಿಡಾಕ್ಸಿಮ್ ಅಂತ ಬೇರೆ. ಆದ್ರೆ ಫಾಸ್ಫೀನ್‌ಗೆ ಪ್ರತಿವಿಷ ಇಲ್ಲ, ಮೀಥೈಲ್ ಬ್ರೋಮೈಡ್‌ಗೂ ಇಲ್ಲ, ಅಲ್ಲಿ ಹೃದಯ, ಉಸಿರು, ಫಿಟ್ಸ್ ನೋಡ್ಕೊಂಡು ದಾಟಿಸ್ಬೇಕು ಅಷ್ಟೆ. ಕ್ಲೋರೋಪಿಕ್ರಿನ್ ಉಸಿರಲ್ಲಿ ಹೋದೋನು ಆರಾಮಾಗಿ ಮಾತಾಡ್ಕೊಂಡು ಬಂದು ಎಷ್ಟೋ ಗಂಟೆ ಆದ್ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡ್ಬೋದು. ಚೆನ್ನಾಗಿದ್ದಾನೆ ಅಂತ ಮನೆಗೆ ಕಳಿಸ್ಬೇಡಿ ಅನ್ನೋದು ಇದಕ್ಕೇನೇ. ಹಾಗಾಗಿ ಪೇಷೆಂಟ್ ಬರೋಕೆ ಮುಂಚೆ ನಂಬರ್ ಮತ್ತು ಹೆಸರು ಫೋನಲ್ಲಿ ಬರ್ಲಿ. ಭೋಪಾಲದಲ್ಲಿ ಆ ರಾತ್ರಿ ಡಾಕ್ಟರ್‌ಗಳಿಗೆ ಎದುರಿಗಿರೋದು ಯಾವ ಗ್ಯಾಸಿನ ಪೇಷೆಂಟ್ ಅಂತ ಸರಿಯಾಗಿ ಹೇಳೋರೇ ಇರ್ಲಿಲ್ಲ.

ಈ ಮಿಶ್ರಣಗಳ ಬಗ್ಗೆ ನಾನು ಹೇಳ್ಬೇಕಾಗಿರೋದು ಇದು. ಗ್ಯಾಸ್ ಇಲ್ಲಿ ಬರೀ ಗಾಡಿ, ವಿಷ ಅದ್ರ ಮೇಲೆ ಕೂತು ಬರುತ್ತೆ. ಗಾಡಿ ಹೊರಟುಹೋಗುತ್ತೆ, ಕಿಟಕಿ ತೆಗೆದ್ರೆ ಚದುರುತ್ತೆ. ವಿಷ ಸಣ್ಣ ಹನಿಯಾಗಿ ನೆಲ, ರಟ್ಟಿನ ಡಬ್ಬ, ಕೂದಲು, ಶರ್ಟ್, ಚಪ್ಪಲಿ ಇದ್ರ ಮೇಲೆ ಇಳಿದಿರುತ್ತೆ. ಪ್ಯಾರಾಥಿಯಾನ್ ಮಾಡಿದ ಗೆರ್ಹಾರ್ಡ್ ಶ್ರಾಡರ್ ಅನ್ನೋ ಜರ್ಮನ್ ಕೆಮಿಸ್ಟೇ ಕೀಟನಾಶಕ ಹುಡುಕ್ತಾ ಹುಡುಕ್ತಾ 1936ರಲ್ಲಿ ಟಾಬುನ್, ಆಮೇಲೆ ಸರಿನ್ ಅನ್ನೋ ನರಕ್ಕೆ ಹೊಡೆಯೋ ಯುದ್ಧದ ವಿಷಗಳನ್ನ ಕಂಡುಹಿಡಿದಿದ್ದು, ಎಲ್ಲಾ ಒಂದೇ ಮನೆತನ. 1995ರ ಮಾರ್ಚಲ್ಲಿ ಟೋಕಿಯೋ ಮೆಟ್ರೋದಲ್ಲಿ ಸರಿನ್ ಬಿಟ್ಟಾಗ ಪೇಷೆಂಟ್‌ಗಳನ್ನ ಬಟ್ಟೆ ಬಿಚ್ಚಿಸದೆ ಒಳಗೆ ಕರ್ಕೊಂಡಿದ್ದಕ್ಕೆ ನೋಡ್ಕೊಂಡ ಆಸ್ಪತ್ರೆ ಸ್ಟಾಫಿಗೇ ಕಣ್ಣು ಮಂಜಾಗೋಕೆ ಶುರು ಆಯ್ತು. ಆದ್ರಿಂದ ಮೋಡದಿಂದ ಹೊರಗೆ ಬಂದೋನ ಬಟ್ಟೆ ಅಲ್ಲೇ ತೆಗೆಸಿ, ತಲೆ ಮೇಲಿಂದ ಎಳೀಬೇಡಿ ಕತ್ತರಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಮೈ, ಕಣ್ಣು 20 ನಿಮಿಷ ಹರಿಯೋ ನೀರಲ್ಲಿ ತೊಳೀರಿ, ಮೈಗೆ ಸೋಪು ಹಾಕಿ. ಇದೆಲ್ಲಾ ಮಾಡೋರು ಗ್ಲೌಸ್ ಹಾಕ್ಕೊಳ್ಳಿ, ಸೋರ್ತಿರೋ ಜಾಗದಿಂದ ದೂರ ನಿಂತು ಮಾಡಿ. ಉಸಿರು ನಿಂತಿದ್ರೆ ಬಾಯಿಗೆ ಬಾಯಿ ಇಟ್ಟು ಊದ್ಬೇಡಿ, ಒನ್‌ವೇ ವಾಲ್ವ್ ಇರೋ ಮಾಸ್ಕ್ ಇದ್ರೆ ಅದ್ರಲ್ಲಿ. ದ್ರವ ಗ್ಯಾಸ್ ತಗುಲಿ ಚರ್ಮ ಹಿಮಗಟ್ಟಿದ್ರೆ ಉಜ್ಜೋಕೆ ಹೋಗ್ಬೇಡಿ, ಅದು ನಮಗೆ ಬಿಡಿ.

ಗೋಡೌನ್_ಸೇಫ್ಟಿ:

ಸಾರ್, ಮೇಡಂ, ಯಾರು ಅಂತ ಗೊತ್ತಿಲ್ಲ ಕ್ಷಮಿಸಿ, ನೀವು ಹೇಳಿದ್ದು ಓದಿ ಕೈ ನಡುಗ್ತಿದೆ. ಪೇಪರ್ ಸಿಕ್ತು. ಡೈಕ್ಲೋರ್ವಾಸ್, ಕಾರ್ಬನ್ ಡೈಆಕ್ಸೈಡ್ ಜೊತೆ ಅಂತ ಬರ್ದಿದಾರೆ. ಹುಡುಗನನ್ನ ಕೇಳ್ದೆ. ಆ ದಿನ ಟ್ಯೂಬ್‌ಲೈಟ್ ಹೋಗಿದೆ ಅಂತ ಇವನೇ ಕಂಪ್ಲೇಂಟ್ ಮಾಡಿದ್ನಂತೆ, ಉಳಿದೋರಿಗೆಲ್ಲ ಬೆಳಕು ಸರಿಯಾಗೇ ಕಾಣ್ತಿತ್ತು. ನಾವು ನಕ್ಕಿದ್ವಿ.

ಕೇಳೋಕೆ ಇನ್ನೊಂದಿದೆ, ಇನ್ನೊಬ್ಬ ಹುಡುಗ ಆರಾಮಾಗಿದ್ದಾನೆ, ಅವನ್ನೂ ತೋರಿಸ್ಬೇಕಾ? ಮತ್ತೆ ಪಕ್ಕದ ಬಿಲ್ಡಿಂಗಲ್ಲಿ ಆಫೀಸ್ ಇದೆ, ಮುಂದೆ ಹೀಗಾದ್ರೆ ಅವರನ್ನ ಹೊರಗೆ ಕರೀಬೇಕಾ ಒಳಗೇ ಇರಿ ಅನ್ಬೇಕಾ?

ಹಳೇಹೋಸ್‌ಪೈಪ್:

ಪಕ್ಕದ ಬಿಲ್ಡಿಂಗ್ ವಿಷಯ ನಾನು ಹೇಳ್ತೀನಿ. ಮೋಡ ಇನ್ನೂ ಅಲ್ಲಿಗೆ ತಲುಪಿಲ್ಲ, ದಾರಿ ಗಾಳಿಗೆ ಅಡ್ಡವಾಗಿ ಇದೆ ಅಂದ್ರೆ ಹೊರಗೆ ಕಳಿಸು. ಮೋಡ ಆಗ್ಲೇ ಬಾಗಿಲಿಗೆ ಬಂದಿದ್ರೆ ಹೊರಗೆ ಕರೆದು ಅದ್ರೊಳಗೆ ನಡೆಸ್ಬೇಡ. ಕಿಟಕಿ ಬಾಗಿಲು ಮುಚ್ಚಿ, ಏಸಿ, ಎಕ್ಸಾಸ್ಟ್ ಫ್ಯಾನ್ ಆಫ್, ಮೇಲಿನ ಫ್ಲೋರಿಗೆ ಹೋಗಿ, ಗಾಳಿ ಬೀಸೋ ಕಡೆಯ ಕೋಣೆ ಬೇಡ. ಬೇಸ್‌ಮೆಂಟ್ ಅಂತೂ ಬೇಡವೇ ಬೇಡ. ಮೋಡ ದಾಟಿದ ಮೇಲೆ ಕಿಟಕಿ ತೆಗೆದು ಗಾಳಿ ಆಡಿಸ್ಬೇಕು, ಅದನ್ನ ಯಾವಾಗ ಅಂತ ಹೊರಗಿಂದ ಮೀಟರ್ ಹಿಡಿದೋರು ಹೇಳ್ಬೇಕು. ಇದನ್ನ ಆವತ್ತು ಯೋಚನೆ ಮಾಡೋಕಾಗಲ್ಲ, ಇವತ್ತೇ ಹೋಗಿ ಆ ಆಫೀಸಿನವರ ಫೋನ್ ನಂಬರ್ ಗೋಡೆ ಮೇಲೆ ಬರ್ಕೋ. ಗೋಡೌನ್ ಮಾಡಿಗೆ ಒಂದು ಗಾಳಿಚೀಲ ಕಟ್ಸು, ನಾಲ್ಕು ದಿಕ್ಕಿನಿಂದ ಕಾಣೋ ಹಾಗೆ. ದುಡ್ಡಿಲ್ಲ ಅಂದ್ರೆ ಒಂದು ಬಟ್ಟೆ ಪಟ್ಟಿ ಆದ್ರೂ ಸಾಕು.

ಆಮೇಲೆ ಕಾರ್ಬನ್ ಡೈಆಕ್ಸೈಡ್ ಅಂದ್ರೆ ಸೋಡಾ ಗ್ಯಾಸ್ ತಾನೇ ಅಂತ ನಿಮ್ಮ ಸೂಪರ್‌ವೈಸರ್ ಅಂದೇ ಅಂತಾನೆ. ಮುಚ್ಚಿದ ಕೋಣೇಲಿ ಅದೊಂದೇ ಸಾಕು ಮನುಷ್ಯನನ್ನ ಕೆಡವೋಕೆ, ಭಾರ ಬೇರೆ.

ನೈಟ್‌ಡ್ಯೂಟಿ:

ಮೇಡಂ ಅಂತ ಕರೆದಿದ್ದೇ ಸರಿ. ಡೈಕ್ಲೋರ್ವಾಸ್ ಆರ್ಗನೋಫಾಸ್ಫೇಟೇ. ಇಬ್ಬರನ್ನೂ ನಾಳೆ ಬೆಳಿಗ್ಗೆ ಅಲ್ಲ, ಇವತ್ತೇ ಕರ್ಕೊಂಡು ಹೋಗಿ, ಪೇಪರ್ ಜೆರಾಕ್ಸ್ ಜೊತೆಗೆ. ಆರಾಮಾಗಿರೋನ್ನೂ. ರಕ್ತದಲ್ಲಿ ಕೋಲಿನೆಸ್ಟರೇಸ್ ಅಂತ ಟೆಸ್ಟ್ ಇದೆ, ಅದು ಈ ವಿಷ ಕೆಲಸ ನಿಲ್ಲಿಸಿಬಿಡೋ ಒಂದು ಕಿಣ್ವ, ಕೆಂಪು ರಕ್ತಕಣದಲ್ಲಿ ನೋಡೋದು ವಾರಗಳಾದ್ಮೇಲೂ ಕಮ್ಮಿ ಇರೋದು ತೋರಿಸ್ಬೋದು. ಒಂದು ವಾರ ದಾಟಿದೆ ಅಂತೀರಿ, ಈ ವಿಷದಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಉಸಿರಿನ ಸ್ನಾಯು ಸೋಲೋ ಘಟ್ಟ ಅಂತ ಒಂದಿದೆ, ಅದು ದಾಟಿದಂಗೆ ಕಾಣ್ತಿದೆ, ಪುಣ್ಯ. ಆದ್ರೂ ರಿಸಲ್ಟ್ ನೋಡಿ ಡಾಕ್ಟರ್ ಹೇಳೋವರೆಗೂ ಇಬ್ಬರಿಗೂ ಕೀಟನಾಶಕದ ಹತ್ರ ಕೆಲಸ ಕೊಡ್ಬೇಡಿ, ಕೋಲಿನೆಸ್ಟರೇಸ್ ಕಮ್ಮಿ ಇರುವಾಗ ಇನ್ನೊಂದು ಸಣ್ಣ ಡೋಸೂ ದೊಡ್ಡದಾಗಿ ಹೊಡೆಯುತ್ತೆ.

ಒಂದು ಪ್ರಶ್ನೆ. ಆವತ್ತು ಹಾಕ್ಕೊಂಡಿದ್ದ ಯೂನಿಫಾರ್ಮ್ ಏನ್ಮಾಡಿದ್ರು?

ಗೋಡೌನ್_ಸೇಫ್ಟಿ:

ಮೇಡಂ, ಒಬ್ಬ ಅದೇ ಬಟ್ಟೇಲಿ ಬೈಕಲ್ಲಿ ಮನೆಗೆ ಹೋಗಿದ್ದಾನೆ, ಮನೇಲಿ ಎಲ್ಲಾ ಬಟ್ಟೆ ಜೊತೆ ಒಗೆದಿದ್ದಾರಂತೆ, ಅವನ ಹೆಂಡ್ತಿ ಕೈಲಿ ಒಗೆದಿದ್ದು. ತಲೆನೋವು ಬಂದ ಹುಡುಗಂದು ಶರ್ಟು, ಕೈಗವಸು, ಶೂ ಎಲ್ಲಾ ಇನ್ನೂ ಲಾಕರಲ್ಲೇ ಇದೆ. ಆ ರೂಮಲ್ಲೇ ಹನ್ನೊಂದು ಜನ ಬಟ್ಟೆ ಬದಲಾಯಿಸ್ತಾರೆ, ಊಟಾನೂ ಕೆಲವರು ಅಲ್ಲೇ ಮಾಡೋದು.

ಹೊಗೆಮದ್ದು:

ರೂಮಿಗೆ ಬೀಗ ಹಾಕಿ ಈಗ್ಲೇ. ಡೈಕ್ಲೋರ್ವಾಸ್ ಬೇಗ ಆವಿ ಆಗೋ ಜಾತಿ, ಹೆಚ್ಚಿನಂಶ ಹೋಗಿರ್ಬೋದು, ಆದ್ರೆ ಮುಚ್ಚಿದ ಲಾಕರ್, ಚರ್ಮದ ಶೂ, ಕೈಗವಸು ಇವು ಹಿಡಿದಿಟ್ಕೊಳ್ತವೆ. ನೀವು ತೆಗೆಯೋಕೆ ಹೋಗ್ಬೇಡಿ, ಮಾಲು ಕಳಿಸಿದವರ ಪೇಪರಲ್ಲಿ ತುರ್ತು ಫೋನ್ ನಂಬರ್ ಇರುತ್ತೆ, ಅವರಿಗೆ ಹೇಳಿ ಸರಿಯಾದ ಸೂಟು ಹಾಕಿರೋರನ್ನ ಕರೆಸಿ. ಶೂ, ಕೈಗವಸು ತೊಳೆದು ಮತ್ತೆ ಬಳಸೋ ಆಸೆ ಬಿಡಿ, ಚರ್ಮಕ್ಕೆ ಇಳಿದಿದ್ದು ಹೊರಗೆ ಬರಲ್ಲ. ಆ ಹೆಂಡ್ತೀನೂ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ ಹೇಳಿ.

ಗೋಡೌನ್_ಸೇಫ್ಟಿ:

ಬೀಗ ಹಾಕ್ದೆ. ಸೂಪರ್‌ವೈಸರ್ ಯಾಕೆ ಅಂತ ಕೇಳ್ತಿದ್ದಾರೆ, ಅವರ ಟಿಫನ್ ಡಬ್ಬೀನೂ ಒಳಗೇ ಇದೆಯಂತೆ. ಮೂರು ಜನರನ್ನ ಕರ್ಕೊಂಡು ಆಸ್ಪತ್ರೆಗೆ ಹೊರಟಿದೀನಿ, ಹೋಗಿಬಂದು ಬರೀತೀನಿ.